ಚಿಟ್ಟೆಯಂತೆ ರೆಕ್ಕೆ ಬಿಚ್ಚುತ್ತಿದ್ದ ಲ್ಯಾಪ್‌ಟಾಪ್

ಮಕ್ಕಳೇ, 30 ಸೆಂಟಿಮೀಟರಿನ ಒಂದು ಸ್ಕೇಲು ತೆಗೆದುಕೊಳ್ಳಿ. ಮನೆಯ ಲ್ಯಾಪ್‌ಟಾಪೋ ಶಾಲೆಯ ಕಂಪ್ಯೂಟರೋ, ಯಾವುದಾದರೊಂದರ ಕೀಲಿಮಣೆಯ ಮೇಲೆ ಅದನ್ನು ಇಡಿ. ಇಂಗ್ಲಿಷಿನ ಕ್ಯೂ ಅಕ್ಷರದ ಎಡ ಅಂಚಿನಿಂದ ಪಿ ಅಕ್ಷರದ ಬಲ ಅಂಚಿನವರೆಗೆ ಅಳೆಯಿರಿ. ಹತ್ತು ಕೀಲಿಗಳು ಸೇರಿ ಸುಮಾರು 19 ಸೆಂಟಿಮೀಟರ್ ಬರುತ್ತದೆ. ಅಂದರೆ ನಡುವಿನ ಸಂದಿಯೂ ಸೇರಿ ಒಂದೊಂದು ಕೀಲಿಗೆ ಸುಮಾರು 19 ಮಿಲಿಮೀಟರ್. ಹಳೆಯ ಇಂಗ್ಲಿಷ್ ಟೈಪ್‌ರೈಟರ್ ಎಲ್ಲಾದರೂ ಸಿಕ್ಕರೆ ಅದನ್ನೂ ಅಳೆದು ನೋಡಿ. ಅಲ್ಲಿಯೂ ಹೆಚ್ಚುಕಡಿಮೆ ಇಷ್ಟೇ, ಮುಕ್ಕಾಲು ಇಂಚು.

ಕಂಪ್ಯೂಟರಿನಲ್ಲಿ ಉಳಿದದ್ದೆಲ್ಲ ಬದಲಾಗಿದೆ. ಒಂದು ಕೋಣೆ ತುಂಬುತ್ತಿದ್ದ ಯಂತ್ರ ಅಂಗಿಯ ಜೇಬಿಗೆ ಬಂತು. ವೇಗ ಬೆಳೆಯಿತು, ನೆನಪಿನ ಶಕ್ತಿ ಬೆಳೆಯಿತು, ಬೆಲೆ ಇಳಿಯಿತು. ಆದರೆ ಈ 19 ಮಿಲಿಮೀಟರ್ ಮಾತ್ರ ಜಗ್ಗಲಿಲ್ಲ. ಕಾರಣ ಸರಳ. ಅದು ಯಂತ್ರದ ಅಳತೆಯಲ್ಲ, ನಮ್ಮ ಬೆರಳಿನ ಅಳತೆ. ಕಂಪ್ಯೂಟರ್ ಎಷ್ಟು ಚಿಕ್ಕದಾದರೂ ಮನುಷ್ಯನ ಕೈ ಚಿಕ್ಕದಾಗುವುದಿಲ್ಲವಲ್ಲ!

ಈ ಒಂದು ತೊಡಕನ್ನು ಬಹಳ ಸೊಗಸಾಗಿ ಬಿಡಿಸಿದ ಲ್ಯಾಪ್‌ಟಾಪೊಂದು 1995ರಲ್ಲಿ ಬಂದಿತ್ತು. ಒಂದು ವರ್ಷ ತುಂಬುವುದರೊಳಗೆ ಅದರ ತಯಾರಿಕೆ ನಿಂತೂ ಹೋಯಿತು. ಅದರ ಕಥೆಯನ್ನು ಈ ವಾರ ಹೇಳುತ್ತೇನೆ. ಮಕ್ಕಳಿಗೆ ಇದರಲ್ಲಿ ಕತ್ತರಿ, ಕಾಗದದ ಒಂದು ಆಟವಿದೆ. ನನ್ನ ವಯಸ್ಸಿನವರಿಗೆ ಬೇರೊಂದು ಮಾತಿದೆ.

ಚಿಕ್ಕ ಪೆಟ್ಟಿಗೆ, ದೊಡ್ಡ ಕೈ

1990ರ ದಶಕದಲ್ಲಿ ಲ್ಯಾಪ್‌ಟಾಪ್ ಎಂದರೆ ಭಾರ. ಮೂರು ಕಿಲೋ ತೂಗುವುದು ಸಾಮಾನ್ಯವಾಗಿತ್ತು. ಊರೂರು ತಿರುಗುವವರಿಗೆ ಅದಕ್ಕಿಂತ ಚಿಕ್ಕದು ಬೇಕಿತ್ತು. ಹಾಗೆ ಹುಟ್ಟಿದ ಪುಟ್ಟ ಲ್ಯಾಪ್‌ಟಾಪುಗಳಿಗೆ ಸಬ್‌ನೋಟ್‌ಬುಕ್ ಎಂದು ಹೆಸರು. ದೊಡ್ಡ ಲೆಡ್ಜರಿನ ಪಕ್ಕದಲ್ಲಿ ಪಾಸ್‌ಬುಕ್ ಇದ್ದ ಹಾಗೆ ಎಂದುಕೊಳ್ಳಿ.

ಆಗಿನ ಪರದೆಗಳು ಚಿಕ್ಕವು. ಒಳ್ಳೆಯ ಬಣ್ಣದ ಪರದೆ ಮೂಲೆಯಿಂದ ಮೂಲೆಗೆ 10.4 ಇಂಚು ಇದ್ದರೆ ಅದೇ ದೊಡ್ಡದು. ಅಂಥ ಪರದೆಯ ಅಗಲ ಸುಮಾರು 21 ಸೆಂಟಿಮೀಟರ್. ಅಂಚು, ಕಟ್ಟು ಎಲ್ಲ ಸೇರಿಸಿದರೂ ಪೆಟ್ಟಿಗೆ 25 ಸೆಂಟಿಮೀಟರಿನಲ್ಲಿ ಮುಗಿಯುತ್ತದೆ. ಆದರೆ ಪೂರ್ತಿ ಅಳತೆಯ ಕೀಲಿಮಣೆಗೆ 29 ಸೆಂಟಿಮೀಟರ್ ಬೇಕು. ನಾಲ್ಕು ಸೆಂಟಿಮೀಟರ್ ಕೊರತೆ! ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ ಎರಡು ಬದಿಯ ಲೆಕ್ಕ ತಾಳೆಯಾಗುತ್ತಿರಲಿಲ್ಲ.

ಈ ಕೊರತೆಯನ್ನು ಒಬ್ಬೊಬ್ಬರು ಒಂದೊಂದು ರೀತಿಯಲ್ಲಿ ತುಂಬಿದರು. 1993ರಲ್ಲಿ ಹ್ಯೂಲೆಟ್ ಪ್ಯಾಕರ್ಡ್ ಕಂಪನಿ ಓಮ್ನಿಬುಕ್ 300 ಎಂಬ ಯಂತ್ರವನ್ನು ತಂದಿತು. ತೂಕ ಸುಮಾರು 1.3 ಕಿಲೋ. ಕೀಲಿಮಣೆಗೆ ಬೇಕಾದಷ್ಟು ಜಾಗ ಕೊಟ್ಟು, ಉಳಿದದ್ದನ್ನು ಅವರು ಬಿಗಿ ಮಾಡಿದರು. ಪರದೆಗೆ ಬಣ್ಣವಿರಲಿಲ್ಲ. ಬದಿಯಲ್ಲಿ ಒಂದು ಗುಂಡಿ ಒತ್ತಿದರೆ ಕಡ್ಡಿಗೆ ಅಂಟಿಕೊಂಡ ಪುಟ್ಟ ಮೌಸ್ ಹೊರಗೆ ಬರುತ್ತಿತ್ತು. ಬೇಕೆಂದರೆ ಟಾರ್ಚಿಗೆ ಹಾಕುವಂಥ ನಾಲ್ಕು ಪೆನ್ಸಿಲ್ ಸೆಲ್ಲುಗಳಲ್ಲಿಯೂ ಅದು ಓಡುತ್ತಿತ್ತು. ಇವತ್ತಿನ ಯಾವ ಲ್ಯಾಪ್‌ಟಾಪಿಗೆ ಕಿರಾಣಿ ಅಂಗಡಿಯ ಸೆಲ್ಲು ಸಾಕಾಗುತ್ತದೆ, ಹೇಳಿ?

1996ರಲ್ಲಿ ಜಪಾನಿನ ತೋಷಿಬಾ ಕಂಪನಿ ಲಿಬ್ರೆಟೋ ಎಂಬ ಇನ್ನೂ ಪುಟ್ಟದನ್ನು ತಂದಿತು. ತೂಕ 840 ಗ್ರಾಂ. ಪರದೆ 6.1 ಇಂಚು, ಇವತ್ತಿನ ಹಲವು ಮೊಬೈಲ್ ಫೋನುಗಳ ಪರದೆಯಷ್ಟೇ. ಆದರೂ ಅದರೊಳಗೆ ಪೂರ್ತಿ ವಿಂಡೋಸ್ 95 ಓಡುತ್ತಿತ್ತು. ಇಲ್ಲಿ ಅವರು ಕೀಲಿಗಳನ್ನೇ ಕುಗ್ಗಿಸಿದರು. ಹತ್ತು ಬೆರಳಿಟ್ಟು ಟೈಪ್ ಮಾಡಲು ಕಲಿತವರಿಗೆ ಅದು ಗೊಂಬೆಯ ಮನೆಯಲ್ಲಿ ಅಡುಗೆ ಮಾಡಿದಂತೆ.

ಇವೆರಡರ ನಡುವೆ, 1995ರ ಮಾರ್ಚ್ ತಿಂಗಳಲ್ಲಿ, ಐಬಿಎಂ ಕಂಪನಿ ಥಿಂಕ್‌ಪ್ಯಾಡ್ 701ಸಿ ಎಂಬ ಲ್ಯಾಪ್‌ಟಾಪನ್ನು ಬಿಡುಗಡೆ ಮಾಡಿತು. ಅವರು ಕೀಲಿಯನ್ನೂ ಕುಗ್ಗಿಸಲಿಲ್ಲ, ಪೆಟ್ಟಿಗೆಯನ್ನೂ ಹಿಗ್ಗಿಸಲಿಲ್ಲ. ಮುಚ್ಚಿದಾಗ ಪೆಟ್ಟಿಗೆ 9.7 ಇಂಚು, ಅಂದರೆ ಸುಮಾರು 24.7 ಸೆಂಟಿಮೀಟರ್ ಅಗಲ. ಮುಚ್ಚಳ ಎತ್ತಿದರೆ ಒಳಗಿನ ಕೀಲಿಮಣೆ 11.5 ಇಂಚು, ಅಂದರೆ ಸುಮಾರು 29.2 ಸೆಂಟಿಮೀಟರ್! ಪೆಟ್ಟಿಗೆಗಿಂತ ಅದರೊಳಗಿನ ವಸ್ತುವೇ ದೊಡ್ಡದು. ಹೇಗೆ?

ಮಗಳ ಆಟಿಕೆಯಿಂದ ಹೊಳೆದ ಉಪಾಯ

ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಐಬಿಎಂ ಕಂಪನಿಯ ವಾಟ್ಸನ್ ಸಂಶೋಧನಾ ಕೇಂದ್ರವಿದೆ. ಅಲ್ಲಿ ಜಾನ್ ಕರಿಡಿಸ್ ಎಂಬ ಮೆಕ್ಯಾನಿಕಲ್ ಎಂಜಿನಿಯರ್ ಕೆಲಸ ಮಾಡುತ್ತಿದ್ದರು. ತಮ್ಮ ಪುಟ್ಟ ಮಗಳು ಆಡುತ್ತಿದ್ದ ಮರದ ತುಂಡುಗಳನ್ನು ನೋಡುವಾಗ ಅವರಿಗೆ ಈ ಉಪಾಯ ಹೊಳೆಯಿತು ಎಂಬ ಕಥೆ ಪ್ರಸಿದ್ಧವಾಗಿದೆ. ಮೆಟ್ಟಿಲಿನ ಆಕಾರದ ಎರಡು ತುಂಡುಗಳನ್ನು ಒಂದಕ್ಕೊಂದು ತಾಗಿಸಿ ಜಾರಿಸಿದರೆ ಅಗಲವಾದ ಆಕಾರ ಸಣ್ಣಗಾಗಿ ಎತ್ತರವಾಗುತ್ತದೆ. ವಾಪಸು ಜಾರಿಸಿದರೆ ಮತ್ತೆ ಅಗಲ.

ಓದಿದರೆ ಇದು ತಲೆಗೆ ಹೋಗುವುದಿಲ್ಲ, ಕೈಯಲ್ಲೇ ಮಾಡಬೇಕು. ಮಕ್ಕಳೇ, ಲೆಕ್ಕದ ಚೌಕದ ಹಾಳೆಯಲ್ಲಿ 16 ಚೌಕ ಅಗಲ, 9 ಚೌಕ ಎತ್ತರದ ಒಂದು ಆಯತ ಕತ್ತರಿಸಿಕೊಳ್ಳಿ. ಮೇಲಿನ ಅಂಚಿನಲ್ಲಿ ಎಡದಿಂದ 4 ಚೌಕ ಎಣಿಸಿ ಒಂದು ಗುರುತು ಹಾಕಿ. ಅಲ್ಲಿಂದ ಕತ್ತರಿಯನ್ನು 3 ಚೌಕ ಕೆಳಗೆ ತನ್ನಿ. ನಂತರ ಬಲಕ್ಕೆ 4 ಚೌಕ. ಮತ್ತೆ 3 ಕೆಳಗೆ. ಮತ್ತೆ ಬಲಕ್ಕೆ 4. ಕೊನೆಗೆ 3 ಕೆಳಗೆ. ಕತ್ತರಿ ಕೆಳಗಿನ ಅಂಚಿಗೆ ಬಂದು ಮುಟ್ಟುತ್ತದೆ. ಈಗ ನಿಮ್ಮ ಬಳಿ ಮೆಟ್ಟಿಲಿನಂಥ ಎರಡು ತುಂಡುಗಳಿವೆ. ಎಡಗಡೆಯದನ್ನು ಅಲುಗಾಡಿಸಬೇಡಿ. ಬಲಗಡೆಯದನ್ನು ಒಂದು ಮೆಟ್ಟಿಲು ಮೇಲಕ್ಕೆ ಹತ್ತಿಸಿ, ಅಂದರೆ 4 ಚೌಕ ಎಡಕ್ಕೆ, 3 ಚೌಕ ಮೇಲಕ್ಕೆ ಸರಿಸಿ. ಏನಾಯಿತು? 12 ಅಗಲ, 12 ಎತ್ತರದ ಸರಿಯಾದ ಚೌಕ! ಮೊದಲು ಇದ್ದದ್ದು 16 ಗುಣಿಸು 9, ಒಟ್ಟು 144 ಚೌಕ. ಈಗಲೂ 12 ಗುಣಿಸು 12, ಒಟ್ಟು 144. ಕಾಗದ ಒಂದು ಚೂರೂ ಹೆಚ್ಚಲಿಲ್ಲ, ಕಡಿಮೆಯಾಗಲಿಲ್ಲ. ಅಗಲ ಮಾತ್ರ ಕಾಲು ಭಾಗ ತಗ್ಗಿತು.

ಕರಿಡಿಸ್ ಮತ್ತು ಅವರ ಸಂಗಡಿಗರು ಕೀಲಿಮಣೆಯನ್ನು ಹೀಗೆಯೇ ಓರೆಯಾಗಿ, ಮೆಟ್ಟಿಲು ಮೆಟ್ಟಿಲಾಗಿ ಎರಡು ಭಾಗ ಮಾಡಿದರು. ಮುಚ್ಚಳ ಎತ್ತುತ್ತಿದ್ದಂತೆ ಆ ಎರಡು ಭಾಗಗಳು ಒಂದನ್ನೊಂದು ಉಜ್ಜಿಕೊಂಡು ಜಾರಿ, ಪೆಟ್ಟಿಗೆಯ ಎರಡೂ ಬದಿಗೆ ಹೊರಚಾಚಿ, ಕೊನೆಗೆ ಒಂದೇ ಮಣೆಯಾಗಿ ಕೂಡಿಕೊಳ್ಳುತ್ತವೆ. ಮುಚ್ಚಳ ಇಳಿಸಿದರೆ ಮತ್ತೆ ಒಳಗೆ ಸೇರಿಕೊಳ್ಳುತ್ತವೆ. ಇದಕ್ಕೆ ಮೋಟಾರಿಲ್ಲ, ಕರೆಂಟಿಲ್ಲ. ಮುಚ್ಚಳ ಎತ್ತುವ ನಿಮ್ಮ ಕೈಯ ಬಲವೇ ಕೀಲಿಮಣೆಯನ್ನೂ ಬಿಚ್ಚುತ್ತದೆ. ಈ ಕೆಲಸಕ್ಕೆ ಕಂಪನಿಯೊಳಗೆ ಇಟ್ಟಿದ್ದ ಗುಟ್ಟಿನ ಹೆಸರು ಬಟರ್‌ಫ್ಲೈ, ಅಂದರೆ ಚಿಟ್ಟೆ. ಜನರ ಬಾಯಲ್ಲಿಯೂ ಆ ಹೆಸರೇ ನಿಂತಿತು.

ಥಿಂಕ್‌ಪ್ಯಾಡ್ ಎಂಬ ಹೆಸರಿಗೂ ಒಂದು ಹಿನ್ನೆಲೆಯಿದೆ. ಥಿಂಕ್, ಅಂದರೆ ಯೋಚಿಸು ಎಂಬುದು ಐಬಿಎಂ ಕಂಪನಿಯ ಹಳೆಯ ಧ್ಯೇಯವಾಕ್ಯ. ಆ ಒಂದು ಪದವನ್ನು ಅಚ್ಚೊತ್ತಿದ, ತೊಗಲಿನ ಹೊದಿಕೆಯ ಪುಟ್ಟ ಟಿಪ್ಪಣಿ ಪುಸ್ತಕಗಳು ಅಲ್ಲಿನ ನೌಕರರ ಜೇಬಿನಲ್ಲಿರುತ್ತಿದ್ದವು. ಆ ಜೇಬಿನ ಪುಸ್ತಕದ ಹೆಸರೇ ಕಂಪ್ಯೂಟರಿಗೆ ಬಂತು.

ಎರಡು ಪೀಳಿಗೆ, ಒಂದೇ ಮೇಜು

ಈ ಚಿಟ್ಟೆಯೊಂದು ನಮ್ಮ ಮನೆಯ ಬೀರುವಿನಲ್ಲಿದೆ. 1990ರ ದಶಕದಲ್ಲಿ ಅಮೆರಿಕದಲ್ಲಿ ಕೆಲಸಕ್ಕಿದ್ದ ನನ್ನ ತಂಗಿಯ ಮಗ ರಜೆಗೆ ಬಂದಾಗ ತಂದದ್ದು. ಅವನು ಹೊಸದು ಕೊಂಡ ಮೇಲೆ ಇದು ನಮ್ಮಲ್ಲೇ ಉಳಿಯಿತು. ಅದಕ್ಕೆ ಈಗ ಕರೆಂಟು ಕೊಡುವುದಿಲ್ಲ. 30 ವರ್ಷ ದಾಟಿದ ಬ್ಯಾಟರಿಗೆ, ಅದು ಯಾವ ಯಂತ್ರದ್ದೇ ಆಗಿರಲಿ, ಚಾರ್ಜರ್ ಸಿಕ್ಕಿಸಬಾರದು. ಮನೆಯಲ್ಲಿ ಹಳೆಯ ಮೊಬೈಲು ಬಿದ್ದಿದ್ದರೆ ಮಕ್ಕಳು ಈ ಮಾತು ನೆನಪಿಡಬೇಕು. ಆದರೆ ಮುಚ್ಚಳ ಎತ್ತಿದರೆ ರೆಕ್ಕೆ ಇವತ್ತಿಗೂ ಬಿಚ್ಚುತ್ತದೆ.

ಎಂಟನೇ ತರಗತಿಯ ನನ್ನ ಮೊಮ್ಮಗಳ ಬಳಿ ಇರುವುದು ಅವಳ ಅಮ್ಮ ಬಳಸಿ ಕೊಟ್ಟ, 2020ರ ಮಾದರಿಯ ಮ್ಯಾಕ್‌ಬುಕ್ ಏರ್. ಹೋದ ಬೇಸಿಗೆ ರಜೆಯಲ್ಲಿ ಎರಡನ್ನೂ ಊಟದ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟೆವು. ಅವಳು ಒಂದು ಹಾಳೆಯಲ್ಲಿ ಎರಡು ಕಾಲಂ ಗೀಚಿದಳು. ನಾನು ಹೇಳುತ್ತಾ ಹೋದೆ, ಅವಳು ಬರೆಯುತ್ತಾ ಹೋದಳು.

ಮೊದಲು ಕೆಲಸದ ನೆನಪು. ಹಳೆಯದಕ್ಕೆ 8 ಮೆಗಾಬೈಟ್, ಹೊಸದಕ್ಕೆ 8 ಗಿಗಾಬೈಟ್. ಸಾವಿರ ಪಟ್ಟಿಗೂ ತುಸು ಹೆಚ್ಚು. ನಂತರ ಕಡತ ಇಡುವ ಜಾಗ. ಹಳೆಯದರಲ್ಲಿ 540 ಮೆಗಾಬೈಟ್, ಹೊಸದರಲ್ಲಿ 256 ಗಿಗಾಬೈಟ್. ಸುಮಾರು 470 ಪಟ್ಟು. ಪರದೆಯ ಚುಕ್ಕಿಗಳು ಹಳೆಯದರಲ್ಲಿ 640 ಗುಣಿಸು 480, ಅಂದರೆ 3 ಲಕ್ಷ ಚಿಲ್ಲರೆ. ಹೊಸದರಲ್ಲಿ 2,560 ಗುಣಿಸು 1,600, ಅಂದರೆ 40 ಲಕ್ಷಕ್ಕೂ ಹೆಚ್ಚು. ಕಂಪ್ಯೂಟರಿನ ಮಿದುಳು ಎನ್ನುವ ಚಿಪ್ಪಿನಲ್ಲಿ ಟ್ರಾನ್ಸಿಸ್ಟರ್ ಎಂಬ ಅತಿ ಸಣ್ಣ ಸ್ವಿಚ್ಚುಗಳಿರುತ್ತವೆ. ಹಳೆಯ 486 ಡಿಎಕ್ಸ್4 ಚಿಪ್ಪಿನಲ್ಲಿ 16 ಲಕ್ಷ, ಹೊಸ ಎಂ1 ಚಿಪ್ಪಿನಲ್ಲಿ 1,600 ಕೋಟಿ. ಸರಿಯಾಗಿ ಹತ್ತು ಸಾವಿರ ಪಟ್ಟು!

ಇಲ್ಲೊಂದು ಸ್ವಾರಸ್ಯವಿದೆ. ಚಿಪ್ಪಿನ ಗಡಿಯಾರದ ಬಡಿತ ನೋಡಿದರೆ ಹಳೆಯದು ಒಂದು ಸೆಕೆಂಡಿಗೆ 7.5 ಕೋಟಿ ಬಾರಿ, ಹೊಸದು 320 ಕೋಟಿ ಬಾರಿ. ಅದು ಸುಮಾರು 43 ಪಟ್ಟು ಮಾತ್ರ. ಉಳಿದ ವೇಗ ಎಲ್ಲಿಂದ ಬಂತು? ಹೊಸದರಲ್ಲಿ ಒಂದರ ಬದಲು ಎಂಟು ಕೋರ್‌ಗಳಿವೆ, ಎಂಟು ಗುಮಾಸ್ತರು ಒಟ್ಟಿಗೆ ಕೂತಂತೆ. ಜೊತೆಗೆ ಪ್ರತಿಯೊಬ್ಬರೂ ಒಂದು ಬಡಿತದಲ್ಲಿ ಹಿಂದಿನವನಿಗಿಂತ ಹೆಚ್ಚು ಕೆಲಸ ಮುಗಿಸುತ್ತಾರೆ.

ಇಂಟರ್ನೆಟ್ ವಿಷಯಕ್ಕೆ ಬಂದಾಗ ಮೊಮ್ಮಗಳು ನಗಲಾರಂಭಿಸಿದಳು. ಹಳೆಯದರಲ್ಲಿ ಟೆಲಿಫೋನ್ ತಂತಿಗೆ ಜೋಡಿಸುವ ಮೋಡೆಮ್ ಇದೆ. ಅದರ ವೇಗ ಸೆಕೆಂಡಿಗೆ 14,400 ಬಿಟ್. ಎಂಟು ಬಿಟ್ ಸೇರಿದರೆ ಒಂದು ಬೈಟ್. ಮೊಬೈಲಿನಲ್ಲಿ ತೆಗೆದ 2 ಮೆಗಾಬೈಟಿನ ಒಂದು ಫೋಟೊ ಆ ತಂತಿಯಲ್ಲಿ ಬರಬೇಕಾದರೆ ಎಷ್ಟು ಹೊತ್ತು? ಅವಳೇ ಭಾಗಿಸಿ ನೋಡಿದಳು. ಸುಮಾರು 19 ನಿಮಿಷ. ನಮ್ಮ ದೇಶದಲ್ಲಿ ವಿದೇಶ ಸಂಚಾರ ನಿಗಮ ಸಾರ್ವಜನಿಕರಿಗೆ ಇಂಟರ್ನೆಟ್ ಸೇವೆ ಆರಂಭಿಸಿದ್ದು ಇದೇ 1995ರ ಆಗಸ್ಟ್ 15ರಂದು ಎಂದು ಹೇಳಿದೆ. ಅವಳಿಗೆ ಅದು ರಾಜಮಹಾರಾಜರ ಕಾಲದಂತೆ ಕೇಳಿಸಿರಬೇಕು.

ಕೊನೆಗೆ ಸ್ಕೇಲು ಹಿಡಿದೆವು. ತೂಕ ಹಳೆಯದಕ್ಕೆ ಸುಮಾರು 2 ಕಿಲೋ, ಹೊಸದಕ್ಕೆ 1.29 ಕಿಲೋ. ದಪ್ಪ ಹಳೆಯದಕ್ಕೆ 4.3 ಸೆಂಟಿಮೀಟರ್, ಹೊಸದಕ್ಕೆ 1.6. ಇಲ್ಲಿಯವರೆಗೆ ಎಲ್ಲ ಸಾಲಿನಲ್ಲಿಯೂ ಹೊಸದೇ ಗೆದ್ದಿತ್ತು. ಅಗಲಕ್ಕೆ ಬಂದಾಗ ಅವಳ ಪೆನ್ಸಿಲ್ ನಿಂತಿತು. ಹಳೆಯದು 24.7 ಸೆಂಟಿಮೀಟರ್, ಹೊಸದು 30.4. ಸಾವಿರ ಪಟ್ಟು ಮುಂದೆ ಹೋದ ಯಂತ್ರ ಐದೂವರೆ ಸೆಂಟಿಮೀಟರಿಗೂ ಹೆಚ್ಚು ಅಗಲ! ಇನ್ನು ಕೀಲಿಗಳು? ಕ್ಯೂದಿಂದ ಪಿವರೆಗೆ ಎರಡರಲ್ಲೂ ಅದೇ 19 ಸೆಂಟಿಮೀಟರ್.

ಇನ್ನೂ ಒಂದು ಸಾಲು ಸೇರಿಸಲು ಹೇಳಿದೆ. ಹಳೆಯದರ ಬ್ಯಾಟರಿಯನ್ನು ನಾವೇ ಕೈಯಿಂದ ತೆಗೆದು ಬೇರೆಯದು ಹಾಕಬಹುದಿತ್ತು. ನೆನಪು ಸಾಲದಿದ್ದರೆ ಹೆಚ್ಚುವರಿ ನೆನಪನ್ನು ಸೇರಿಸಬಹುದಿತ್ತು. ಹೊಸದರಲ್ಲಿ ನೆನಪು ಚಿಪ್ಪಿನ ಜೊತೆಗೇ ಬೆಸೆದುಕೊಂಡಿದೆ. ಕೊಂಡ ದಿನ ಎಷ್ಟಿತ್ತೋ ಕೊನೆಯವರೆಗೂ ಅಷ್ಟೇ. ತೆಳ್ಳಗಾಗುವುದಕ್ಕೆ ತೆತ್ತ ಬೆಲೆ ಅದು.

ಚಿಟ್ಟೆ ಯಾಕೆ ಹಾರಿಹೋಯಿತು?

ಹಾಳೆಯನ್ನು ಮಡಚುತ್ತಾ ಮೊಮ್ಮಗಳು ಕೇಳಿದಳು, "ತಾತ, ಇಷ್ಟು ಚೆನ್ನಾಗಿರೋ ಕೀಬೋರ್ಡನ್ನ ಈಗ ಯಾಕೆ ಮಾಡಲ್ಲ? ಬೇಗ ಕೆಟ್ಟುಹೋಗ್ತಿತ್ತಾ?"

ಕೆಟ್ಟದ್ದಕ್ಕಲ್ಲ. ಜನ ಮೆಚ್ಚದೇ ಇದ್ದದ್ದಕ್ಕೂ ಅಲ್ಲ. ಆ ವರ್ಷ ಅದು ಚೆನ್ನಾಗಿಯೇ ಮಾರಾಟವಾಯಿತು, ವಿನ್ಯಾಸಕ್ಕಾಗಿ ಹಲವು ಬಹುಮಾನ ಪಡೆಯಿತು. ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ ಎಂಬ ಪ್ರಸಿದ್ಧ ಕಲಾ ಸಂಗ್ರಹಾಲಯ ಅದನ್ನು ತನ್ನ ಸಂಗ್ರಹಕ್ಕೆ ಸೇರಿಸಿಕೊಂಡಿದೆ. ಚಿತ್ರ, ಶಿಲ್ಪಗಳಿರುವ ಜಾಗದಲ್ಲಿ ಒಂದು ಲ್ಯಾಪ್‌ಟಾಪ್!

ನಡೆದದ್ದು ಬೇರೆ. ಪರದೆ ತಯಾರಿಸುವ ಕಾರ್ಖಾನೆಗಳು ಸುಮ್ಮನೆ ಕುಳಿತಿರಲಿಲ್ಲ. ಪರದೆಗಳು ದೊಡ್ಡದಾಗುತ್ತಾ ಬಂದವು. 1996ರಲ್ಲಿ ಐಬಿಎಂ ಕಂಪನಿಯೇ ಥಿಂಕ್‌ಪ್ಯಾಡ್ 560 ಎಂಬುದನ್ನು ತಂದಿತು. ಅದರ ಪರದೆ 12.1 ಇಂಚು. ಪರದೆ ಅಗಲವಾದ ಮೇಲೆ ಅದನ್ನು ಹೊರುವ ಪೆಟ್ಟಿಗೆಯೂ ಅಗಲವಾಗಲೇಬೇಕಲ್ಲ? ಅಷ್ಟು ಅಗಲದ ಪೆಟ್ಟಿಗೆಯಲ್ಲಿ ಪೂರ್ತಿ ಕೀಲಿಮಣೆ ಮಡಚದೆಯೇ ಆರಾಮಾಗಿ ಕುಳಿತುಕೊಂಡಿತು. ಆ ಯಂತ್ರ 701ಕ್ಕಿಂತ ತೆಳ್ಳಗೆ, ತುಸು ಹಗುರ. ಮಡಚಲು ಕಾರಣವೇ ಇಲ್ಲದ ಮೇಲೆ ಮಡಚುವ ಕೀಲಿಮಣೆ ಯಾರಿಗೆ ಬೇಕು?

ಮೊಮ್ಮಗಳ ಏರ್ ಯಾಕೆ ಅಷ್ಟು ಅಗಲ ಎಂಬುದಕ್ಕೂ ಇದೇ ಉತ್ತರ. ಅದರ ಪರದೆ 13.3 ಇಂಚು. ಬಿಚ್ಚಿದ ಚಿಟ್ಟೆಯ ಅಗಲ 29.2 ಸೆಂಟಿಮೀಟರ್, ಏರ್‌ನ ಅಗಲ 30.4. ಅಂದರೆ ಇವತ್ತಿನ ಲ್ಯಾಪ್‌ಟಾಪ್ ಸದಾ ರೆಕ್ಕೆ ಬಿಚ್ಚಿಕೊಂಡೇ ಇರುವ ಚಿಟ್ಟೆ.

ಹಾಗಾಗಿ ನಾನು ಅವಳಿಗೆ ಹೇಳಿದ್ದು ಇಷ್ಟು. "ಉತ್ತರ ತಪ್ಪಾಗಿರಲಿಲ್ಲ ಕಂದಾ. ಪ್ರಶ್ನೆಯೇ ಮುಗಿದುಹೋಯಿತು."

ಲೆಡ್ಜರಿನ ಮುಂದೆ ಕೂತವರ ಮಾತು

ನನ್ನ ವಯಸ್ಸಿನ ಓದುಗರಿಗೆ ಒಂದು ಮಾತಿದೆ ಎಂದಿದ್ದೆನಲ್ಲ, ಅದು ಇಲ್ಲಿದೆ.

ನಾನು ಬಿ.ಕಾಂ. ಮುಗಿಸಿ ಬ್ಯಾಂಕು ಸೇರಿದಾಗ ಉಳಿತಾಯ ಖಾತೆಯ ಬಡ್ಡಿಯನ್ನು ಕೈಯಲ್ಲೇ ಲೆಕ್ಕ ಹಾಕುತ್ತಿದ್ದೆವು. ಪ್ರತಿ ತಿಂಗಳ 10ನೇ ತಾರೀಖಿನಿಂದ ತಿಂಗಳ ಕೊನೆಯ ದಿನದವರೆಗೆ ಖಾತೆಯಲ್ಲಿ ಅತಿ ಕಡಿಮೆ ಬಾಕಿ ಎಷ್ಟಿತ್ತು ಎಂದು ಹುಡುಕಬೇಕು. ಬಡ್ಡಿ ಅದಕ್ಕೆ ಮಾತ್ರ. ಸಾವಿರಾರು ಖಾತೆಗಳು, ಪ್ರತಿಯೊಂದಕ್ಕೂ ಆರು ತಿಂಗಳ ಆರು ಅಂಕಿ. ಅರ್ಧವಾರ್ಷಿಕ ಲೆಕ್ಕ ಮುಗಿಸುವ ದಿನಗಳಲ್ಲಿ ರಾತ್ರಿ ಹತ್ತಾದರೂ ಶಾಖೆಯ ದೀಪ ಆರುತ್ತಿರಲಿಲ್ಲ. ದಿನದಿನದ ಬಾಕಿಗೆ ಬಡ್ಡಿ ಕೊಡಬೇಕೆಂದರೆ ಕೈಲೆಕ್ಕದಲ್ಲಿ ಅದು ಆಗುವ ಮಾತೇ ಆಗಿರಲಿಲ್ಲ.

ನಮ್ಮ ಶಾಖೆಯಲ್ಲಿ ಒಬ್ಬ ಹೆಡ್ ಕ್ಲಾರ್ಕ್ ಇದ್ದರು. ಲೆಡ್ಜರಿನ ಪುಟದ ಮೇಲೆ ಪೆನ್ಸಿಲಿನ ಹಿಂಭಾಗವನ್ನು ಮೇಲಿನಿಂದ ಕೆಳಕ್ಕೆ ಒಮ್ಮೆ ಎಳೆದರೆ ಸಾಕು, ಕೆಳಗೆ ಮುಟ್ಟುವಷ್ಟರಲ್ಲಿ ಮೊತ್ತ ಅವರ ಬಾಯಲ್ಲಿ ಇರುತ್ತಿತ್ತು. ರೂಪಾಯಿ, ಪೈಸೆ ಎಲ್ಲ ಸೇರಿ. ಪುಸ್ತಕ ತಾಳೆಯಾಗದೆ ನಾವು ಪೇಚಾಡುತ್ತಿದ್ದರೆ ಬಂದು, ವ್ಯತ್ಯಾಸ 9ರಿಂದ ಭಾಗವಾಗುತ್ತದೆಯೇ ನೋಡಿ ಎನ್ನುತ್ತಿದ್ದರು. ಭಾಗವಾದರೆ ಯಾರೋ ಅಂಕಿಯನ್ನು ಹಿಂದುಮುಂದಾಗಿ, 54ರ ಬದಲು 45 ಎಂದು ಬರೆದಿರುವ ಸಾಧ್ಯತೆ ಹೆಚ್ಚು. ಇದನ್ನು ಅವರು ಯಾವ ಕಾಲೇಜಿನಲ್ಲೂ ಕಲಿತದ್ದಲ್ಲ, ಲೆಡ್ಜರಿನ ಮುಂದೆ ಕೂತು ಕಲಿತದ್ದು.

1984ರಲ್ಲಿ ರಂಗರಾಜನ್ ಸಮಿತಿಯ ವರದಿ ಬಂತು. ಅದರ ಬೆನ್ನಿಗೇ ಶಾಖೆಗಳಿಗೆ ಲೆಡ್ಜರ್ ಪೋಸ್ಟಿಂಗ್ ಯಂತ್ರಗಳು ಬಂದವು, ಆಮೇಲೆ ಕಂಪ್ಯೂಟರುಗಳು. ಯಂತ್ರ ಬಂದ ಮೇಲೆ ಹೆಡ್ ಕ್ಲಾರ್ಕ್ ಅವರ ಮೇಜಿಗೆ ಯಾರೂ ಮೊತ್ತ ಕೇಳಿಕೊಂಡು ಹೋಗಲಿಲ್ಲ. ನಿವೃತ್ತಿಯ ದಿನ ಹಾರ ಹಾಕಿಸಿಕೊಂಡು ಕೂತಿದ್ದಾಗ ಅವರು ನನ್ನ ಕಡೆ ವಾಲಿ, "ನಾನು ಮಾಡ್ತಿದ್ದದ್ದು ದಂಡದ ಕೆಲಸ ಆಗಿತ್ತೇನಪ್ಪಾ?" ಎಂದು ಮೆಲ್ಲಗೆ ಕೇಳಿದರು. ಸುತ್ತ ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು. ನಾನು ಅವರ ಕೈ ಹಿಡಿದುಕೊಂಡೆ. ಹೇಳಲು ಮಾತು ನನ್ನ ಬಳಿ ಇರಲಿಲ್ಲ.

2010ರ ಏಪ್ರಿಲ್ 1ರಿಂದ ರಿಸರ್ವ್ ಬ್ಯಾಂಕಿನ ಆದೇಶದಂತೆ ಉಳಿತಾಯ ಖಾತೆಗೆ ದಿನದಿನದ ಬಾಕಿಯ ಮೇಲೆ ಬಡ್ಡಿ ಲೆಕ್ಕವಾಗುತ್ತಿದೆ. ಕಂಪ್ಯೂಟರಿಗೆ ಅದು ಕ್ಷಣದ ಕೆಲಸ. 10ನೇ ತಾರೀಖಿನ ಆ ಹಳೆಯ ನಿಯಮ, ಅದಕ್ಕಾಗಿ ನಾವು ಕಲಿತ ಚಾಕಚಕ್ಯ, ಎರಡೂ ಒಟ್ಟಿಗೇ ಹೋದವು. ಗ್ರಾಹಕರಿಗೆ ಇದರಿಂದ ಒಳ್ಳೆಯದೇ ಆಯಿತು. ಆದರೆ ಆ ಯಂತ್ರ ಬರುವವರೆಗೆ ಹತ್ತಾರು ವರ್ಷ ಜನರ ದುಡ್ಡಿಗೆ ಸರಿಯಾದ ಲೆಕ್ಕ ಇಟ್ಟವರು ಯಾರು? ಆ ಪೆನ್ಸಿಲಿನ ಹಿಂಭಾಗವೇ ಅಲ್ಲವೇ? ಹೆಡ್ ಕ್ಲಾರ್ಕ್ ಅವರ ಲೆಕ್ಕ ತಪ್ಪಾಗಿರಲಿಲ್ಲ. ಅವರಿಗೆ ಕೊಟ್ಟಿದ್ದ ಪ್ರಶ್ನೆ ಮುಗಿದಿತ್ತು, ಅಷ್ಟೇ. ಆ ದಿನ ನನ್ನ ಬಾಯಿಗೆ ಬಾರದ ಉತ್ತರ ಇದು. ಕಲಾ ಸಂಗ್ರಹಾಲಯದವರು ಕೆಲವೊಮ್ಮೆ ಇಂಥದ್ದನ್ನು ಗುರುತಿಸುತ್ತಾರೆ. ಮನೆಯವರೂ ಗುರುತಿಸಬಹುದು.

ಉಳಿದವೂ ಇವೆ

ಹಳೆಯದೆಲ್ಲ ಹೋಗಿಯೇ ಬಿಡುತ್ತದೆ ಎಂದು ಯಾರೂ ತಿಳಿಯಬಾರದು. ಪ್ರಶ್ನೆ ಉಳಿದರೆ ಉತ್ತರವೂ ಉಳಿಯುತ್ತದೆ. ಥಿಂಕ್‌ಪ್ಯಾಡಿನ ಕೀಲಿಮಣೆಯ ನಡುವೆ ಜಿ, ಎಚ್, ಬಿ ಅಕ್ಷರಗಳ ಸಂದಿಯಲ್ಲಿ ಕುಂಕುಮದ ಬೊಟ್ಟಿನಂತೆ ಒಂದು ಕೆಂಪು ಗುಂಡಿಯಿದೆ. ಟೆಡ್ ಸೆಲ್ಕರ್ ಎಂಬವರು ರೂಪಿಸಿದ್ದು. ಅದನ್ನು ಬೆರಳತುದಿಯಿಂದ ತುಸು ಒತ್ತಿದರೆ ಪರದೆಯ ಮೇಲಿನ ಬಾಣ ಓಡುತ್ತದೆ, ಕೈಯನ್ನು ಅಕ್ಷರಗಳಿಂದ ಎತ್ತುವುದೇ ಬೇಡ. ಐಬಿಎಂ ತನ್ನ ಪಿಸಿ ವ್ಯವಹಾರವನ್ನು 2005ರಲ್ಲಿ ಲೆನೊವೊ ಕಂಪನಿಗೆ ಮಾರಿತು. ಚಿಟ್ಟೆ ಹೋಗಿ ಎಷ್ಟೋ ಕಾಲವಾಗಿದ್ದರೂ ಆ ಕೆಂಪು ಬೊಟ್ಟು ಮಾತ್ರ ಹೊಸ ಒಡೆಯರ ಕಾಲದಲ್ಲೂ ಉಳಿದುಕೊಂಡು ಬಂತು. ಟೈಪ್ ಮಾಡುವಾಗ ಕೈ ಎತ್ತುವ ಕಿರಿಕಿರಿ ಇನ್ನೂ ಮುಗಿದಿಲ್ಲ ನೋಡಿ.

ನಮ್ಮ ಕನ್ನಡದಲ್ಲೂ ಇಂಥ ಒಂದು ಉತ್ತರವಿದೆ. 26 ಅಕ್ಷರದ ಇಂಗ್ಲಿಷ್ ಕೀಲಿಮಣೆಯಲ್ಲಿ ಕನ್ನಡದ ಇಡೀ ವರ್ಣಮಾಲೆ, ಕಾಗುಣಿತ, ಒತ್ತಕ್ಷರಗಳನ್ನು ಕೂರಿಸುವುದು ಹೇಗೆ? ಚಿಕ್ಕ ಪೆಟ್ಟಿಗೆಯಲ್ಲಿ ದೊಡ್ಡ ವಸ್ತು ಇಡುವ ಅದೇ ಲೆಕ್ಕ. ಕೆ.ಪಿ. ರಾವ್ ಅವರು ಅದನ್ನು ಬಿಡಿಸಿದರು. ಕೆ ಒತ್ತಿದರೆ ಕ, ಶಿಫ್ಟ್ ಹಿಡಿದು ಒತ್ತಿದರೆ ಖ. ಜಿ ಒತ್ತಿದರೆ ಗ, ಶಿಫ್ಟ್ ಹಿಡಿದರೆ ಘ. ನಡುವೆ ಎಫ್ ಒತ್ತಿದರೆ ಒತ್ತಕ್ಷರ. ಕರ್ನಾಟಕ ಸರ್ಕಾರವೂ ಈ ವಿನ್ಯಾಸವನ್ನು ಒಪ್ಪಿತು, ನುಡಿ ತಂತ್ರಾಂಶದಲ್ಲಿ ಅದು ಮನೆಮನೆಗೆ ಬಂತು. ಈ ಲೇಖನವನ್ನು ನಾನು ಟೈಪ್ ಮಾಡಿದ್ದೂ ಅದರಲ್ಲೇ. ಕನ್ನಡ ಬರೆಯುವವರು ಇರುವವರೆಗೆ ಆ ಪ್ರಶ್ನೆ ಮುಗಿಯುವುದಿಲ್ಲ.

ಮಕ್ಕಳೇ, ಕಾಗದದ ಆಟ ಮುಗಿಸಿದ ಮೇಲೆ ಇನ್ನೊಂದು ಕೆಲಸ ಮಾಡಿ. ನಿಮ್ಮ ಮನೆಯ ಅಜ್ಜಿ, ತಾತ, ಇಲ್ಲವೇ ಪಕ್ಕದ ಮನೆಯ ಹಿರಿಯರ ಹತ್ತಿರ ಹೋಗಿ ಕೂತುಕೊಳ್ಳಿ. ಈಗ ಯಾರೂ ಮಾಡದ, ಆದರೆ ಅವರಿಗೆ ಚೆನ್ನಾಗಿ ಗೊತ್ತಿರುವ ಒಂದು ಕೆಲಸ ಯಾವುದು ಎಂದು ಕೇಳಿ. ಫ್ರಿಜ್ ಇಲ್ಲದೆ ಹಾಲು ಕೆಡದಂತೆ ಇಟ್ಟದ್ದು, ಗಡಿಯಾರವಿಲ್ಲದೆ ಹೊತ್ತು ಹೇಳಿದ್ದು, ತೂಕದ ಕಲ್ಲು ಸಾಲದಿದ್ದಾಗ ಅಕ್ಕಿ ಅಳೆದದ್ದು, ಹೀಗೆ ಏನಾದರೂ ಇದ್ದೇ ಇರುತ್ತದೆ. ಆ ಕೆಲಸ ಯಾವ ತೊಂದರೆಗೆ ಉತ್ತರವಾಗಿತ್ತು ಎಂಬುದನ್ನೂ ಕೇಳಿ. ಉತ್ತರವನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ, ಪಕ್ಕದಲ್ಲಿ ತಾರೀಖು ಹಾಕುವುದನ್ನು ಮಾತ್ರ ಮರೆಯಬೇಡಿ. ಬ್ಯಾಂಕಿನವನ ಅಭ್ಯಾಸ ನೋಡಿ, ತಾರೀಖಿಲ್ಲದ ಬರಹವನ್ನು ನಾನು ಪಾಸ್ ಮಾಡುವುದಿಲ್ಲ.